ಎರಡು ಮೊಳೆ

ನಮ್ಮ ಮನೆಯ ತಲೆಬಾಗಿಲ ಒಳಮಗ್ಗುಲಿಗೆ, ಚೌಕಟ್ಟಿನ ಎಡಕ್ಕೊಂದು ಬಲಕ್ಕೊಂದು, ಎರಡು ಮೊಳೆಗಳಿದ್ದವು. ಎಡದ ಮೊಳೆಗೆ ಅಪ್ಪ ಸುಣ್ಣ ಬಳಿಯುವ ಪುಂಡಿನಾರಿನ ಕುಂಚ, ಬಲದ್ದಕ್ಕೆ ಅವ್ವನ ಕುಡುಗೋಲು. ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತ ನಾನು ಮೊದಲು ನೋಡುತ್ತಿದ್ದದ್ದು ಅವನ್ನೇ. ಕುಂಚ ಇಲ್ಲವೆಂದರೆ ಹೊರಗೆ ಬಿಸಿಲಿದೆ, ಅಪ್ಪ ಯಾರದೋ ಗೋಡೆಯ ಮುಂದಿದ್ದಾನೆ. ಕುಡುಗೋಲು ಇಲ್ಲವೆಂದರೆ ಮಳೆಯಾಗಿ ಕಳೆ ಎದ್ದಿದೆ, ಅವ್ವ ಯಾರದೋ ಹೊಲದಲ್ಲಿದ್ದಾಳೆ ಎಂದು ಹಾಸಿಗೆಯಿಂದಲೇ ತಿಳಿಯುತ್ತಿತ್ತು.

ಇಬ್ಬರದೂ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ ಎನ್ನುವ ಕೂಲಿ. ನೀವು ತಿಂಗಳ ಪಗಾರದ ಮನೆಯಲ್ಲಿ ಹುಟ್ಟಿದವರಾದರೆ, ಗೆಳೆಯರೇ, ಆಕಾಶವೆಂಬುದು ನಿಮಗೆ ನೋಡುವ ವಸ್ತು. ನಮಗೆ ಅದು ಮನೆಯ ಯಜಮಾನ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಮ್ಮಲ್ಲಿ ಒಬ್ಬರ ಕೈ ಕೆಸರು, ಇನ್ನೊಬ್ಬರದು ಸುಣ್ಣ, ಮೊಸರು ಮಾತ್ರ ಬಾಜೂಮನೆಯ ಬಸಕ್ಕನದು. ಎರಡೂ ಮೊಳೆ ಒಟ್ಟಿಗೆ ಖಾಲಿಯಾಗುತ್ತಿದ್ದದ್ದು ವರ್ಷಕ್ಕೆ ಕೆಲವೇ ದಿನ: ಶರದೃತು ಕಾಲಿಟ್ಟು, ಹೊಲ ಹದಕ್ಕೆ ಬಂದು, ದಸರೆಗೆಂದು ಊರೆಲ್ಲ ಗೋಡೆಗಳನ್ನು ಬೆಳ್ಳಗಾಗಿಸುವ ಹೊತ್ತು. ಆಗ ಬಾಗಿಲಿಗೆ ಚಿಲಕ, ನನಗೆ ಬಸಕ್ಕನ ಕಟ್ಟೆ, ಸಂಜೆಗೆ ಗೋಧಿಹುಗ್ಗಿ. ಖಾಲಿ ಮನೆಯನ್ನು ಕಂಡು ಅಷ್ಟು ಹಿಗ್ಗಿದ ಹುಡುಗಿ ಯರಗುಪ್ಪಿ ಸೀಮೆಯಲ್ಲೇ ಇನ್ನೊಬ್ಬಳಿರಲಾರಳು.

ಎಂಬತ್ತರ ದಶಕದ ಒಂದು ವರ್ಷ ಹಸ್ತದ ಮಳೆ ಹಿಡಿದದ್ದು ಬಿಡಲಿಲ್ಲ. ಎರೆಮಣ್ಣು ಕಾಲಿಟ್ಟವರ ಕಾಲನ್ನೇ ಕೇಳುತ್ತಿತ್ತು. ಹೊಲಕ್ಕೆ ಯಾರೂ ಕರೆಯಲಿಲ್ಲ. ಗೋಡೆಗಳು ನೆಂದು ನಿಂತಿದ್ದವು, ಸುಣ್ಣಕ್ಕೂ ಕರೆಯಲಿಲ್ಲ. ಕುಂಚ, ಕುಡುಗೋಲು ಎರಡೂ ಮೊಳೆಯಲ್ಲೇ ತೂಗಾಡಿದವು. ಹಬ್ಬಕ್ಕೆಂದು ಅಪ್ಪ ಅರಳಿಸಿಟ್ಟ ಸುಣ್ಣ ಹರವಿಯಲ್ಲಿ ತುಂಬಿತ್ತು, ಜೋಳದ ಹಿಟ್ಟಿನ ಡಬ್ಬಿ ತಳ ಕಂಡಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯ ಕಟ್ಟಡದ ಮೇಸ್ತ್ರಿಯೊಬ್ಬ ಹೇಳಿಕಳಿಸಿದ: ಬರುವವರು ನಾಳಿನ ಬಸ್ಸಿಗೆ ಬರಲಿ. ಹಾಗೆ ಹೋದವರು ಹಬ್ಬಕ್ಕೂ ಬರುತ್ತಿರಲಿಲ್ಲ. ಪಕ್ಕದ ಓಣಿಯಿಂದ ಹೋದವನೊಬ್ಬ ಬರಲೇ ಇಲ್ಲ. ಅಪ್ಪ ಗಂಟು ಕಟ್ಟಿದ. ಅಲ್ಲಿ ಕುಂಚದ ಕೆಲಸವಿಲ್ಲವಂತೆ. ಕುಂಚ ಮೊಳೆಯಲ್ಲೇ ಇರುತ್ತದೆ, ಅಪ್ಪ ಮನೆಯಲ್ಲಿರುವುದಿಲ್ಲ ಎನ್ನುವ ಸಂಗತಿ ನನ್ನ ಲೆಕ್ಕಕ್ಕೆ ಸಿಗದೆ ನನಗೆ ಹೆದರಿಕೆಯಾಯಿತು.

ಅಂದು ಮಧ್ಯಾಹ್ನ ಅಪ್ಪ ಇದ್ದಕ್ಕಿದ್ದಂತೆ ಕುಂಚ ಇಳಿಸಿ, ಹರವಿಯಲ್ಲಿ ಅದ್ದಿ, ನಮ್ಮ ಪಡಸಾಲೆಯ ಗೋಡೆಗೇ ಬಳಿಯತೊಡಗಿದ.

ಅವ್ವ ಸಿಡಿಮಿಡಿಗೊಂಡಳು. “ನಾಳಿ ಯಾರರ ಕರದ್ರ ಏನ ಹಚ್ತೀರಿ? ಇದ್ದ ಸುಣ್ಣಾನೂ ಹಾಳ ಮಾಡಾಕತ್ತೀರಿ.”

“ಊರ ಗ್ವಾಡಿಗೆಲ್ಲಾ ಹಚ್ಚೇನಿ,” ಎಂದ ಅಪ್ಪ. “ನಾ ಹೋಗೂದ್ರಾಗ ನಮ್ಮ ಗ್ವಾಡಿ ಒಮ್ಮೆರ ಬೆಳ್ಳಗಾಗ್ಲಿ.”

ಅವ್ವ ಸೆರಗು ಸಿಕ್ಕಿಸಿ, ಹಳೆಯ ಅರಿವೆಯೊಂದನ್ನು ಸುಣ್ಣದಲ್ಲಿ ಅದ್ದಿ ಕೆಳಗಿನಿಂದ ಹಿಡಿದಳು. ಅಪ್ಪ ಮೇಲಿನಿಂದ ಬಂದ. ಮಳೆಯೂ ಬಿಸಿಲೂ ಕೂಡಿ ಬಾರದ ಹಾಗೆ ಅವರ ಕೆಲಸವೂ ಎಂದೂ ಒಂದೆಡೆ ಕೂಡಿ ಬಂದಿರಲಿಲ್ಲ. ಇಬ್ಬರೂ ಒಂದೇ ಗೋಡೆಗೆ ಕೈಹಚ್ಚಿದ್ದನ್ನು ನಾನು ಕಂಡದ್ದು ಕೆಲಸವೇ ಇಲ್ಲದ ಆ ದಿನ. “ಅಲ್ಲಿ ಬಿಟ್ಟೀ ನೋಡ,” ಎಂದು ಅವನು, “ಮೊದಲ ನನ್ನ ತಲಿ ಮ್ಯಾಲ ಸುರಿಯೂದು ಬಿಡ್ರಿ,” ಎಂದು ಅವಳು. ಗಂಟು ಮೂಲೆಯಲ್ಲಿತ್ತು, ಆದರೂ ಮೂವರೂ ನಕ್ಕೆವು.

ಹಸಿ ಸುಣ್ಣ ಬೂದಿಬಣ್ಣಕ್ಕಿರುತ್ತದೆ, ಆರಿದ ಮೇಲೆಯೇ ಅದರ ಬಿಳುಪು ತೋರುವುದು. ಮರುದಿನ ಎದ್ದಾಗ ಮಳೆ ನಿಂತು ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಅದರ ಹಿಂದೆಯೇ ಬಸಕ್ಕ ಬಂದಳು. “ಕಲ್ಲಪ್ಪಾ, ಹಿತ್ತಲದಾಗ ಸುಣ್ಣ ನೆನಸಿಟ್ಟೇನಿ, ಲಗೂನ ಬಾ,” ಎಂದು ಅಪ್ಪನನ್ನು ಕರೆದವಳು ಒಳಗೆ ಇಣುಕಿ, “ಇಷ್ಟ ಬೆಳಕ ಎಲ್ಲಿಂದ ಬಂತಬೇ?” ಎಂದು ಅವ್ವನನ್ನು ಕೇಳಿದಳು. ಅವ್ವ ಅಪ್ಪನ ಗಂಟು ಬಿಚ್ಚತೊಡಗಿದಳು. ಬಸ್ಸು ಬಂದಾಗ ಅಪ್ಪ ಬಸಕ್ಕನ ನಿಚ್ಚಣಿಕೆಯ ಮೇಲಿದ್ದ. ಅಲ್ಲಿಂದಲೇ ಕುಂಚವೆತ್ತಿ, ಬರುವುದಿಲ್ಲವೆಂದು ಆಡಿಸಿದ. ಎರೆ ಆರಿ ಹದಕ್ಕೆ ಬಂದ ಮೇಲೆ ಕುಡುಗೋಲೂ ಮೊಳೆ ಬಿಟ್ಟಿತು.

ಈಗ ನನಗೆ ತಿಂಗಳ ಪಗಾರ. ಮಳೆ ಬಂದರೆ ಕೊಡೆ ಬಿಚ್ಚುತ್ತೇನೆ, ಅಷ್ಟೇ. ನಿತ್ಯ ಸಿಗುವುದನ್ನು ಸಿಕ್ಕಿತೆಂದು ನೆನೆಯುವ ಅಭ್ಯಾಸ ತಪ್ಪಿಹೋಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ದಸರೆ ಸಮೀಪಿಸಿ ಬಿಸಿಲು ತಿಳಿಯಾದೊಡನೆ ಆ ಒಂದು ಬೆಳಗಿನ ಋಣ ನೆನಪಾಗಿ ಮನಸ್ಸು ತುಂಬಿ ಬರುತ್ತದೆ.

ಅಪ್ಪ ತೀರಿಕೊಂಡ, ಅವನ ಹಿಂದೆಯೇ ಅವ್ವನೂ. ಮೊನ್ನೆ ಹಬ್ಬಕ್ಕೆ ಮುಂಚೆ ಊರಮನೆಗೆ ಸುಣ್ಣ ಹಚ್ಚಲು ಬಂದವನು, “ಈ ಮೊಳಿ ಕಿತ್ತಬಿಡ್ಲೇನ್ರಿ ಅಕ್ಕಾರ? ಏನೂ ಹಾಕಿಲ್ಲಲ್ರಿ,” ಎಂದ. ಇರಲಿ ಬಿಡು ಎಂದೆ. ಕೆಲಸ ಮುಗಿಸಿ ಅವನು ಹೋದ ಮೇಲೆ ಹೊರಗೆ ಬಂದರೆ ತಿಳಿಬಿಸಿಲು, ಆಚೆ ಹದಕ್ಕೆ ಬಂದ ಕರಿಹೊಲ. ತಿರುಗಿ ಒಳಗೆ ಇಣುಕಿ ನೋಡಿದೆ: ಎರಡೂ ಮೊಳೆ ಖಾಲಿ. ಇಬ್ಬರಿಗೂ ಇವತ್ತು ಕೆಲಸ ಸಿಕ್ಕಿದೆ ಎಂದುಕೊಂಡು ಬಾಗಿಲಿಗೆ ಚಿಲಕ ಹಾಕಿದೆ.