ಎಣ್ಣೆ ಕುಡಿದ ಬ್ಯಾಟು

ಅಗಸೆ ಎಣ್ಣೆಯ ವಾಸನೆ ಎಲ್ಲರಿಗೂ ಒಗ್ಗುವಂಥದ್ದಲ್ಲ. ಹಸಿಹಸಿ, ತುಸು ಕಮಟು. ಕೈಗೆ ಹತ್ತಿದರೆ ಎರಡು ದಿನ ಸೋಪಿಗೂ ಜಗ್ಗುವುದಿಲ್ಲ. ನನ್ನ ಜೊತೆ ಆಡಿದವರೆಲ್ಲ ಅದನ್ನು ಬ್ಯಾಟಿನ ವಾಸನೆ ಅನ್ನುತ್ತಿದ್ದರು. ನನಗದು ಮೊದಲು ಅಡುಗೆಮನೆಯ ವಾಸನೆ, ಆಮೇಲೆ ನನ್ನ ಆಯಿಯ ಕೈಯ ವಾಸನೆ, ಕಟ್ಟಕಡೆಗೆ ಬ್ಯಾಟಿನದು. ಆಯಿ ಅಂದರೆ ನನ್ನ ತಾಯಿಯ ತಾಯಿ, ಕಮಲಾಪುರದವಳು. ಕಳೆದ ವಾರ ಕಪಾಟಿನ ತಳದಿಂದ ಹಳೆಯ ಕೌದಿಯ ತುಂಡೊಂದನ್ನು ಎಳೆದು ಬಿಚ್ಚಿದೆ. ಒಳಗೆ ನನ್ನ ಮೊದಲ ಬ್ಯಾಟು. ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಗಾಜಿಪುರ ಓಣಿಯ ನಮ್ಮ ಮನೆ ಬಾಗಿಲು ತೆರೆದು ನಿಂತಿತು. ನಿಮಗೂ ಇಂಥದೊಂದು ವಾಸನೆ ಇದ್ದೀತು. ಮನೆ ಹೋಗಿರುತ್ತದೆ, ಮನೆಯವರು ಹೋಗಿರುತ್ತಾರೆ, ಅದೊಂದು ಮಾತ್ರ ಯಾವುದೋ ಬಟ್ಟೆಯ ಮಡಿಕೆಯಲ್ಲಿ ಕೂತಿರುತ್ತದೆ.

ಆ ಮನೆಯ ಅಂಗಳಕ್ಕೆ ಶಹಾಬಾದಿನ ಪರ್ಸಿ ಹಾಸಿದ್ದರು. ಬೂದು ಬಣ್ಣದ ಅಗಲ ಕಲ್ಲುಗಳು, ಬೇಸಿಗೆಯಲ್ಲಿ ಅಂಗಾಲು ಸುಡುತ್ತಿದ್ದವು, ನೀರು ಹೊಡೆದರೆ ಮಣ್ಣಿನ ಹಾಗೆ ಉಸಿರು ಬಿಡುತ್ತಿದ್ದವು. ಓಣಿಯಲ್ಲಿ ಅಷ್ಟು ದೊಡ್ಡ ಅಂಗಳ ಇನ್ನೊಬ್ಬರಿಗಿರಲಿಲ್ಲ. ಹಾಗಾಗಿ ಓಣಿಯ ಹುಡುಗರೆಲ್ಲ ಕ್ರಿಕೆಟ್ಟಿಗೆ ನಮ್ಮಲ್ಲಿಗೇ ಬರುತ್ತಿದ್ದರು. ಅಂಗಳ ನಮ್ಮದು, ನೀರಿನ ಹಂಡೆ ನಮ್ಮದು, ಆದರೂ ನನಗೆ ಬ್ಯಾಟು ಸಿಗುತ್ತಿದ್ದದ್ದು ಕತ್ತಲಾಗುವ ಹೊತ್ತಿಗೆ, ಅದೂ ಎರಡು ಚೆಂಡಿಗೆ. ಉಳಿದ ಹೊತ್ತೆಲ್ಲ ನಾನು ಚೆಂಡು ಹಾಕಬೇಕು. ಹುಡುಗಿಯನ್ನು ಆಟಕ್ಕೆ ಸೇರಿಸಿಕೊಂಡದ್ದೇ ದೊಡ್ಡ ಉಪಕಾರ ಎಂದು ಅವರ ಲೆಕ್ಕ. ನಾನು ಸೇಡು ತೀರಿಸಿಕೊಳ್ಳುವ ದಾರಿ ಹುಡುಕಿದೆ. ಎರಡು ಪರ್ಸಿ ಕೂಡುವ ಕಡೆ ಬೆರಳಗಲದ ಸಂದು ಇರುತ್ತಿತ್ತು. ಚೆಂಡು ಅಲ್ಲಿ ಬಿದ್ದರೆ ಯಾವ ಕಡೆ ಹೊರಳುತ್ತದೋ ಅದಕ್ಕೇ ಗೊತ್ತಿಲ್ಲ. ದಿನಾ ಸಂಜೆ ಆ ಸಂದಿಗೇ ಕಣ್ಣಿಟ್ಟು ಹಾಕಿದೆ, ವರ್ಷಗಟ್ಟಲೆ ಹಾಕಿದೆ. ಒಬ್ಬೊಬ್ಬರೇ ಕಾಲಿಗೆ ಪೆಟ್ಟು ತಿಂದು ಕುಂಟುತ್ತಾ ಹೋಗುವುದನ್ನು ನೋಡಿ ನನಗಾಗುತ್ತಿದ್ದ ಸಂತೋಷ ಸಣ್ಣದಲ್ಲ.

ಇದನ್ನೆಲ್ಲ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದವಳು ಆಯಿ. ಅವ್ವ ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದ ಆಯಿ ಅರ್ಧ ವಾರ ನಮ್ಮಲ್ಲಿ, ಅರ್ಧ ವಾರ ಕಮಲಾಪುರದ ಹೊಲದಲ್ಲಿ. ಬಸ್ಸಿನಿಂದ ಇಳಿದು ಬರುವಾಗ ಕಂಕುಳಲ್ಲಿ ಒಂದು ಗಂಟು: ಕೆಂಪು ಬಾಳೆಹಣ್ಣು, ಜೋಳದ ಹಿಟ್ಟು, ಅಗಸಿ ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿ, ಗಾಣದಿಂದ ತಂದ ಎಣ್ಣೆಯ ಬಾಟಲಿ. ಅವಳು ಎಣ್ಣೆ ಹಚ್ಚದ ವಸ್ತು ನಮ್ಮ ಮನೆಯಲ್ಲಿರಲಿಲ್ಲ. ಬಾಗಿಲ ತಿರುಗಣಿಗೆ ಎಣ್ಣೆ, ಒನಕೆಗೆ ಎಣ್ಣೆ, ಮಣೆಗೆ ಎಣ್ಣೆ, ನನ್ನ ತಲೆಗಂತೂ ಕಿವಿಯವರೆಗೆ ಸುರಿಯುವಷ್ಟು. ಬೆರಳಿಂದ ಹಚ್ಚುವವಳಲ್ಲ, ಅಂಗೈಯಿಂದ ತಿಕ್ಕುವವಳು. "ಕಟಿಗಿ ಅಂದ್ರ ಜೀವ ಇದ್ದಂಗ. ಕುಡಿಲಿ ಬಿಡು, ಎಷ್ಟ ಕುಡಿತದ ಅಷ್ಟು" ಅನ್ನುತ್ತಿದ್ದಳು. ಜೋಳ ಹಸನು ಮಾಡುತ್ತಲೇ ಒಂದು ಕಣ್ಣು ಅಂಗಳದ ಮೇಲಿಟ್ಟು, ನನ್ನ ಚೆಂಡು ಸಂದಿಗೆ ಬಿದ್ದಾಗಲೆಲ್ಲ ತುಟಿಯಲ್ಲೇ ನಗುತ್ತಿದ್ದಳು. ಅವಳು ಲೆಕ್ಕ ಇಟ್ಟಿದ್ದಾಳೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ, ರಾಜ್ಯದ ಹುಡುಗಿಯರ ತಂಡಕ್ಕೆ ನಮ್ಮ ಊರಿನ ಮೈದಾನದಲ್ಲೇ ಆಯ್ಕೆ ನಡೆಯುವುದೆಂದು ಸುದ್ದಿ ಬಂತು. ಅಪ್ಪ ಕಚೇರಿಯ ಗುಮಾಸ್ತ. ಮಾತು ಕಡಿಮೆ, ಆಡಿದರೆ ಬದಲಿಸುವವನಲ್ಲ. ನನ್ನ ಅಳು, ಉಪವಾಸ ಎಲ್ಲ ನೋಡಿ ಕೊನೆಗೆ ಒಂದು ಹೊಸ ಬ್ಯಾಟು ತಂದು ಗೋಡೆಗೆ ಒರಗಿಸಿದ. "ಇದೊಂದ್ ಸಲ. ಆತು, ಆತು. ಆಗಲಿಲ್ಲಂದ್ರ ಬ್ಯಾಟ್ ಅಟ್ಟದ ಮ್ಯಾಲ, ನೀ ಪುಸ್ತಕದ ಮುಂದ. ಮತ್ತ ಕ್ರಿಕೆಟ್ ಅಂತ ಬಾಯಿ ತಗೀಬಾರದು" ಅಂದ. ನಾನು ಒಪ್ಪಿದೆ. ಬೇರೆ ದಾರಿ ಎಲ್ಲಿತ್ತು? ಅರ್ಜಿಯಲ್ಲಿ ಬ್ಯಾಟಿಂಗ್ ಎಂದಷ್ಟೇ ಬರೆದೆ. ಚೆಂಡು ಹಾಕಿ ಹಾಕಿ ಭುಜ ಕಿತ್ತುಹೋಗಿತ್ತು; ಬೌಲಿಂಗ್ ಅಂದರೆ ನನಗೆ ಹುಡುಗರು ಕೊಟ್ಟ ಶಿಕ್ಷೆ, ಅದನ್ನು ನನ್ನ ಕೈಯಾರೆ ಯಾಕೆ ಬರೆಯಲಿ?

ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಿಯೇ ಆಡಬೇಕೆಂದು ಅಂಗಡಿಯವನು ಹೇಳಿ ಕಳಿಸಿದ್ದ. ಚಿಂದಿಯಲ್ಲಿ ಎರಡು ಹನಿ ತೆಗೆದುಕೊಂಡು ತೆಳ್ಳಗೆ ಒರೆಸಿ ಮಲಗಿಸಿಡಬೇಕು ಎಂದೂ ಹೇಳಿದ್ದನಂತೆ. ಅಪ್ಪ ಆಯಿಗೆ ಮುಟ್ಟಿಸಿದ್ದು ಮೊದಲ ಅರ್ಧ ಮಾತ್ರ. ಅಗಸೆ ಎಣ್ಣೆ ಎಂಬ ಮಾತು ಕೇಳಿದ್ದೇ ಆಯಿಯ ಮುಖ ಅರಳಿತು. ಇಷ್ಟು ದಿನ ಈ ಕ್ರಿಕೆಟ್ಟೆಂಬುದು ತನಗೆ ಸಂಬಂಧವಿಲ್ಲದ್ದು ಅಂದುಕೊಂಡಿದ್ದಳೋ ಏನೋ, ಈಗ ಅದು ಅವಳ ಹೊಲದ ಬೆಳೆಯನ್ನೇ ಕೇಳುತ್ತಿತ್ತು. "ಕೊಡು ಇಲ್ಲಿ. ನಿಮ್ಮ ಪ್ಯಾಟಿ ಎಣ್ಣಿ ಬ್ಯಾಡ" ಎಂದು ಬ್ಯಾಟನ್ನು ಕೌದಿಯ ತುಂಡಿನಲ್ಲಿ ಕೂಸಿನ ಹಾಗೆ ಸುತ್ತಿಕೊಂಡು ಕಮಲಾಪುರದ ಬಸ್ಸು ಹತ್ತಿದಳು. ಅಲ್ಲಿ ಕೊಡಲಿಗೆ, ಗುದ್ದಲಿಗೆ ಹೊಸ ಕಾವು, ಅಂದರೆ ಮರದ ಹಿಡಿ, ಹಾಕುವ ಮೊದಲು ಅದನ್ನು ಎಣ್ಣೆಯಲ್ಲಿ ನೆನೆಹಾಕುವುದು ರೂಢಿ. ಹಾಗೆ ಮಾಡಿದ ಕಾವು ಸೀಳುವುದಿಲ್ಲ, ಹುಳ ಹಿಡಿಯುವುದಿಲ್ಲ. ಆಯಿ ನನ್ನ ಬ್ಯಾಟಿಗೂ ಅದನ್ನೇ ಮಾಡಿದಳು. ಎಣ್ಣೆಯ ಡಬ್ಬಿಯಲ್ಲಿ ತಲೆಕೆಳಗಾಗಿ ನಾಲ್ಕು ದಿನ ನಿಲ್ಲಿಸಿದಳು. ಮುಳುಗದೆ ಮೇಲುಳಿದ ಭಾಗಕ್ಕೆ ಅಂಗೈಯಿಂದ ತಿಕ್ಕಿದಳು.

ಆಯ್ಕೆಯ ಹಿಂದಿನ ದಿನ ತಂದುಕೊಟ್ಟಾಗ ಬ್ಯಾಟು ಜೇನಿನ ಬಣ್ಣಕ್ಕೆ ತಿರುಗಿತ್ತು. ನೋಡಲು ಬಹಳ ಚೆಂದ. ಎತ್ತಿದಾಗ ಭಾರ ಅನಿಸಿದ್ದು ನಿಜ, ಆದರೆ ಒಳ್ಳೆಯ ಬ್ಯಾಟು ಹೀಗೇ ಇರುತ್ತದೇನೋ ಅಂದುಕೊಂಡೆ. ಮರುದಿನ ಅಪ್ಪ ಕಚೇರಿಗೆ ಹೋದ. ನನ್ನ ಜೊತೆ ಬಂದವಳು ಆಯಿ. ಎದುರು ಮನೆಯ ದರ್ಜಿ ಚಾಚಾ ತನ್ನ ಮಗನ ಪ್ಯಾಂಟನ್ನು ಕತ್ತರಿಸಿ ನನ್ನ ಅಳತೆಗೆ ಹೊಲಿದುಕೊಟ್ಟಿದ್ದರು. "ಜಾ ಬೇಟಾ, ಡರ್ನಾ ನಕ್ಕೊ" ಎಂದು ಬಾಗಿಲಲ್ಲಿ ನಿಂತು ಕಳಿಸಿದರು. ನಾನು ಹೆದರಿರಲಿಲ್ಲ. ಆದರೆ ಮೊದಲ ಚೆಂಡು ಬ್ಯಾಟಿನ ಮಧ್ಯಕ್ಕೆ ಸರಿಯಾಗಿ ಬಡಿದಾಗ ಟಕ್ ಅನ್ನುವ ಸದ್ದೇ ಬರಲಿಲ್ಲ. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಧಪ್ ಎಂದಿತು. ಚೆಂಡು ನನ್ನ ಕಾಲ ಮುಂದೆಯೇ ಬಿದ್ದು ಸತ್ತಿತು. ಎಷ್ಟು ಬೀಸಿದರೂ ಅಷ್ಟೇ. ಎರಡು ರನ್ ಮಾಡಿ, ಬ್ಯಾಟು ಎತ್ತಲು ತಡವಾಗಿ, ಸ್ಟಂಪು ಹಾರಿಸಿಕೊಂಡು ಬಂದೆ.

ಗಡಿಗೆರೆಯ ಆಚೆ ಬೇವಿನ ನೆರಳಲ್ಲಿ ಆಯಿ ಕೂತಿದ್ದಳು. ಬ್ಯಾಟನ್ನು ಅವಳ ಕಾಲ ಬಳಿ ಒಗೆದೆ. ಅವಳದನ್ನು ಎತ್ತಿ, ಇನ್ನೊಬ್ಬ ಹುಡುಗಿಯ ಬ್ಯಾಟನ್ನು ಕೇಳಿ ಪಡೆದು, ಎರಡನ್ನೂ ಒಂದೊಂದು ಕೈಯಲ್ಲಿ ತೂಗಿ ನೋಡಿದಳು. "ಎಣ್ಣಿ ಹೆಚ್ಚಾತೇನ?" ಎಂದು ಮೆಲ್ಲಗೆ ಕೇಳಿದಳು. ನಾನು ಆ ಮಾತು ಆಡಬಾರದಿತ್ತು. ಆಡಿದೆ. "ನೀ ಕೈ ಹಚ್ಚಿದ್ದೆಲ್ಲಾ ಹಾಳು. ನಿನ್ನಿಂದ ಎಲ್ಲಾ ಹೋತು."

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಣ್ಣೆ ಕುಡಿದ ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡು, ಹೊಲಕ್ಕೆ ಹೊರಟವಳ ಹಾಗೆ ಮೈದಾನ ದಾಟಿ, ಆಯ್ಕೆಗಾರರು ಕೂತಿದ್ದ ಮೇಜಿನ ಮುಂದೆ ನಿಂತಳು. ನಾಚಿಕೆಯಿಂದ ನಾನು ಹಿಂದೆ ಓಡಿದೆ. "ತಪ್ಪ ನಂದ ಅದ್ರಿ, ಹುಡುಗಿದಲ್ಲ. ಎಣ್ಣಿ ಹೆಚ್ಚ ಕುಡಿಸೀನಿ. ಇನ್ನೊಮ್ಮಿ ನೋಡ್ರಿ" ಅಂದಳು. ಟೋಪಿ ಹಾಕಿದ್ದ ಹಿರಿಯರು ಕಾಗದ ತಿರುವಿದರು. "ಬ್ಯಾಟಿಂಗ್ ಮುಗೀತಮ್ಮ. ಇವಳು ಬೇರೆ ಏನೂ ಬರೆದಿಲ್ಲ."

"ಬರದಿಲ್ಲಂದ್ರ ಬರೂದಿಲ್ಲಂತೇನ್ರಿ? ನಾ ಕುಂತ ನೋಡೀನಿ. ಎರಡ ಪರ್ಸಿ ನಡುವಿನ ಸಂದಿಗಿ ಹತ್ತರಾಗ ಎಂಟ ಸಲ ಬೀಳಸ್ತಾಳ. ಚೆಂಡಿಗಿ ನಾ ಎಣ್ಣಿ ಹಚ್ಚಿಲ್ರಿ. ಅದನ್ನರ ನೋಡ್ರಿ."

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಕ್ಕ ಮೇಲೆ ಇಲ್ಲ ಅನ್ನುವುದು ಕಷ್ಟ. ಆ ಹಿರಿಯರು ಚೆಂಡನ್ನು ನನ್ನ ಕಡೆ ಎಸೆದರು. ಮೈದಾನದಲ್ಲಿ ಹಾಸಿದ್ದ ಮ್ಯಾಟಿನ ಮೇಲೆ ಸಂದು ಎಲ್ಲಿಂದ ಬರಬೇಕು? ನಾನೇ ಕಣ್ಣಲ್ಲಿ ಒಂದು ಗೆರೆ ಎಳೆದುಕೊಂಡೆ, ನಮ್ಮ ಅಂಗಳದ್ದೇ ಗೆರೆ. ಆಯಿಯ ಮೇಲಿನ ಸಿಟ್ಟು, ಓಣಿಯ ಹುಡುಗರ ಮೇಲಿನ ಸಿಟ್ಟು, ಅಪ್ಪನ ಅಟ್ಟದ ಮೇಲಿನ ಸಿಟ್ಟು ಎಲ್ಲ ಸೇರಿಸಿ ಹಾಕಿದೆ. ಆರು ಚೆಂಡಿನಲ್ಲಿ ಎರಡು ಸಲ ಸ್ಟಂಪು ಬಿತ್ತು. ಇನ್ನಾರು ಹಾಕು ಅಂದರು. ಅದಾದ ಮೇಲೆ ಇನ್ನಾರು. ಸಂಜೆ ಹೆಸರು ಓದುವಾಗ ನನ್ನದಿತ್ತು, ಬೌಲರ್ ಎಂದು.

ಮುಂದಿನದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬೇರೆಯವರ ಬ್ಯಾಟು ಕಡ ತಂದು ಕೆಳಗಿನ ಕ್ರಮಾಂಕದಲ್ಲಿ ಹೊಡೆದೆ, ನಿಧಾನಕ್ಕೆ ಮೇಲೆ ಬಂದೆ, ಆಲ್‌ರೌಂಡರ್ ಅನಿಸಿಕೊಂಡೆ. ರಾಜ್ಯಕ್ಕೆ ಆಡಿದೆ, ದೇಶದ ಅಂಗಿಯನ್ನೂ ತೊಟ್ಟೆ. ಮೊಣಕಾಲು ಕೈಕೊಟ್ಟಾಗ ಯಾರ ಮುಲಾಜಿಲ್ಲದೆ ಬಿಟ್ಟೆ. ಪತ್ರಿಕೆಯವರು ಬರೆದಾಗಲೆಲ್ಲ ಒಂದೇ ಹಾಡು: ಹಿಂದುಳಿದ ಊರಿನಿಂದ, ಸೌಲಭ್ಯಗಳಿಲ್ಲದೆ, ತರಬೇತಿಯಿಲ್ಲದೆ ಬಂದವಳು. ಓದಿ ಮೈಯೆಲ್ಲ ಉರಿಯುತ್ತಿತ್ತು. ಯಾರು ಹೇಳಿದರು ಇರಲಿಲ್ಲವೆಂದು? ನನಗೆ ಪರ್ಸಿಯ ಅಂಗಳ ಇತ್ತು. ನನ್ನ ಒಂದೊಂದು ಚೆಂಡನ್ನೂ ಎಣಿಸಿಟ್ಟುಕೊಂಡ ಮುದುಕಿ ಇದ್ದಳು. ನಿಮ್ಮ ಕನಿಕರ ನಿಮ್ಮಲ್ಲೇ ಇರಲಿ.

ಆದರೆ ಆ ದಿನದ ನಂತರ ಆಯಿ ನನ್ನ ಯಾವ ಬ್ಯಾಟನ್ನೂ ಮುಟ್ಟಲಿಲ್ಲ. ಹೊಸದು ತಂದಾಗ ನಾನೇ ಎಣ್ಣೆಯ ಬಾಟಲಿ ಹಿಡಿದು ಅವಳ ಮುಂದೆ ಕೂತೆ. ಅವಳು ಕೈಗಳನ್ನು ಸೆರಗಿಗೆ ಒರೆಸಿಕೊಂಡು ಹಿಂದಕ್ಕೆ ಸರಿದಳು. "ಬ್ಯಾಡವ್ವ. ನನ್ನ ಕೈಗಿ ಅಳತಿ ತಿಳಿಯಂಗಿಲ್ಲ" ಅಂದಳು, ನಗುತ್ತಲೇ. ಪ್ರತಿ ಸಲವೂ ಹಾಗೇ. ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಪಂದ್ಯ, ಬಸ್ಸು, ರೈಲು, ಶಿಬಿರ, ನಾಳೆ ಹೇಳಿದರಾಯಿತು. ನಾನು ದೂರದ ಊರಿನಲ್ಲಿ ಆಡುತ್ತಿದ್ದಾಗ ಕಮಲಾಪುರದಲ್ಲಿ ಅವಳು ತೀರಿಕೊಂಡಳು. ಗಾಜಿಪುರದ ಮನೆಯೂ ಈಗ ಇಲ್ಲ. ಪರ್ಸಿ ಕಿತ್ತು ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿದ್ದಾರೆ. ನಾನು ಓಡಿ ಬಂದು ಚೆಂಡು ಹಾಕುತ್ತಿದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ.

ಕಳೆದ ವಾರ ಒಬ್ಬ ತರುಣ ಫೋನು ಮಾಡಿದ್ದ. ಹಳೆಯ ಆಟಗಾರರ ವಸ್ತುಗಳ ಪ್ರದರ್ಶನವಂತೆ, ನಿಮ್ಮ ಒಂದು ಬ್ಯಾಟು ಕೊಡಿ ಮೇಡಂ ಅಂದ. ನನ್ನ ಮೊದಲ ಬ್ಯಾಟು ಕೊಡುತ್ತೇನೆ ಅಂದೆ. ಅದರಲ್ಲಿ ಎಷ್ಟು ರನ್ ಹೊಡೆದಿದ್ದೀರಿ ಎಂದು ಕೇಳಿದ. ಎರಡು ಅಂದೆ. ಶತಕ ಹೊಡೆದದ್ದು ಯಾವುದಾದರೂ ಇದ್ದರೆ, ಎಂದು ರಾಗ ಎಳೆದ. ಇದ್ದಾವೆ, ಆದರೆ ಕೊಡುವುದು ಇದೊಂದನ್ನೇ, ಕೆಳಗೆ ನಮ್ಮ ಆಯಿಯ ಹೆಸರು ಬರೆಯಬೇಕು ಅಂದೆ. ಮತ್ತೆ ಅವನ ಫೋನು ಬರಲಿಲ್ಲ. ಬರದಿದ್ದರೆ ಬಿಡಲಿ.

ಬ್ಯಾಟನ್ನು ಮಡಿಲಲ್ಲಿ ಮಲಗಿಸಿಕೊಂಡೆ. ಕಮಲಾಪುರದ ಎಣ್ಣೆಯ ಬಾಟಲಿ ಇಂದಿಗೂ ನನ್ನ ಅಡುಗೆಮನೆಯಲ್ಲಿರುತ್ತದೆ. ಚಿಂದಿ ತೆಗೆದುಕೊಳ್ಳಲಿಲ್ಲ. ಅಂಗೈಗೆ ಸುರಿದುಕೊಂಡೆ. ಎರಡು ಹನಿ ಸಾಕೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಮೊಣಕೈಯವರೆಗೆ ಇಳಿಯುವಷ್ಟು ಸುರಿದು, ಸೀರೆ ಹಾಳಾದರೂ ಬಿಡದೆ, ಬುಡದಿಂದ ಹಿಡಿಯವರೆಗೆ ತಿಕ್ಕಿದೆ. ಕುಡಿಲಿ, ಆಯಿ. ಎಷ್ಟು ಕುಡಿತದ ಅಷ್ಟು.