ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಿದ್ದವಳು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಇದು ನಡೆದದ್ದು ನನಗೇ, ನಾನು ಪೂರ್ತಿ ಎಚ್ಚರವಾಗಿದ್ದಾಗ. ಹೆದರಿಕೆ ಎಂದೋ ಇಳಿದುಹೋಗಿದೆ. ನಾಚಿಕೆ ಮಾತ್ರ ಹೋಗಿಲ್ಲ... ನನ್ನ ಗಂಡನಿಗೂ ಇಂದಿನವರೆಗೆ ಹೇಳಿಲ್ಲ.

ಎಪ್ಪತ್ತರ ದಶಕದ ಶುರು. ಮದುವೆಯಾಗಿ ಆ ವರ್ಷದ ಬೇಸಿಗೆಯಲ್ಲಷ್ಟೇ ಡೆಟ್ರಾಯಿಟ್‌ಗೆ ಬಂದಿದ್ದೆ. ಕೆಲವು ತಿಂಗಳು ಇದ್ದುಹೋಗಲೆಂದು ಮೈಸೂರಿನಿಂದ ಅತ್ತೆಯೂ ಬಂದಿದ್ದರು. ಅಕ್ಟೋಬರ್‌ನ ಒಂದು ಭಾನುವಾರ, ನನ್ನ ಗಂಡನಿಗೆ ಕಾರ್ ಫ್ಯಾಕ್ಟರಿಯಲ್ಲಿ ಓವರ್‌ಟೈಮ್. ನನಗೋ ಆಗತಾನೇ ಲೈಸೆನ್ಸ್ ಸಿಕ್ಕಿದ ಹುಮ್ಮಸ್ಸು. "ಬನ್ನಿ ಅತ್ತೆ, ಎಲ್ಲಾದ್ರೂ ಪಾರ್ಕಿಗೆ ಹೋಗಿಬರೋಣ" ಎಂದು ಪುಳಿಯೋಗರೆ ಕಲಸಿಕೊಂಡು ಹೊರಟೆ.

ದಾರಿ ತಪ್ಪಿ ಊರೊಳಗಿನ ಹಳೆಯ ಬೀದಿಗಳಿಗೆ ಬಂದುಬಿಟ್ಟೆವು. ಸಾಲು ಇಟ್ಟಿಗೆ ಮನೆಗಳು. ಕೆಲವು ಮನೆಗಳ ಕಿಟಕಿಗೆ ಹಲಗೆ ಹೊಡೆದಿದ್ದರು. ಅವುಗಳ ಎದುರಿಗೆ ವಿಶಾಲವಾದ ಹುಲ್ಲು, ಗೇಟಿನ ಮೇಲೆ ‘ಮೆಮೋರಿಯಲ್ ಪಾರ್ಕ್’ ಎಂದು ಬೋರ್ಡು. ಪಾರ್ಕ್ ಎಂದರೆ ಪಾರ್ಕೇ ಎಂದುಕೊಂಡೆ. ನಿಲ್ಲಿಸಿದ ಕಲ್ಲಿಲ್ಲ, ಶಿಲುಬೆಯಿಲ್ಲ. ನೆಲದ ತುಂಬ ಮೇಪಲ್ ಎಲೆ. ಕಾರನ್ನು ಬೀದಿಯಲ್ಲೇ ನಿಲ್ಲಿಸಿ, ಒಳಗೆ ಹೋಗಿ ಜಮಖಾನ ಹಾಸಿದೆವು. ಎಲ್ಲೋ ಎಲೆ ಸುಡುವ ವಾಸನೆ. ಅತ್ತೆ ಬಹಳ ಖುಷಿಯಾಗಿದ್ದರು.

ಊಟವಾದ ಮೇಲೆ ಕಾಫಿ ಫ್ಲಾಸ್ಕ್ ಕಾರಿನಲ್ಲೇ ಉಳಿದದ್ದು ನೆನಪಾಯಿತು. ಅತ್ತೆಯನ್ನು ಹತ್ತಿರದ ಬೆಂಚಿನ ಮೇಲೆ ಕೂರಿಸಿ ಹೋದೆ. ಫ್ಲಾಸ್ಕ್ ತೆಗೆದುಕೊಂಡೆ, ತಿರುಗಿ ಬಂದೆ. ಅಷ್ಟೇ. ಎಲ್ಲಿಯೂ ನಿಲ್ಲಲಿಲ್ಲ.

ಆದರೆ ಬರುವಷ್ಟರಲ್ಲಿ ಸೂರ್ಯ ಮನೆಗಳ ಹಿಂದೆ ಇಳಿದಿದ್ದ...

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಏನಾಯ್ತು ಅತ್ತೆ?" ಎಂದೆ.

"ಇಂಥಾದ್ದನ್ನ ಒಬ್ಬಳೇ ಹೇಗೆ ನುಂಗ್ಕೊಂಡಿದ್ಯೇ, ಶಾರದಾ?"

"ಏನನ್ನ?"

"ಈಗ ತಾನೇ ಪಕ್ಕದಲ್ಲಿ ಕೂತು ಹೇಳಿದ್ಯಲ್ಲ. ನನ್ನ ಮಗು ಇಲ್ಲೇ ಮಲಗಿದೆ, ಜಮಖಾನ ಸ್ವಲ್ಪ ಸರಿಸಿ, ಅದಕ್ಕೆ ಭಾರ ಆಗತ್ತೆ ಅಂತ..."

"ನಾನು ಕಾರ್ ಹತ್ರ ಹೋಗಿದ್ದೆ ಅತ್ತೆ."

ಅವರು ನನ್ನ ಕೈ ಹಿಡಿದು ಸುಮ್ಮನೆ ಸವರಿದರು.

ನಾನು ಹೋಗಿ ಜಮಖಾನ ಎತ್ತಿದೆ. ಕೆಳಗಿನ ಎಲೆಗಳನ್ನು ಕೈಯಿಂದ ತಳ್ಳಿದೆ. ಹುಲ್ಲಿನ ಮಟ್ಟಕ್ಕೆ ಹುದುಗಿಸಿದ ಒಂದು ಪುಟ್ಟ ಕಂಚಿನ ಫಲಕ. ಒಂದು ಹೆಸರು. ಹುಟ್ಟಿದ್ದೂ ಸತ್ತದ್ದೂ ಒಂದೇ ವರ್ಷ. ಪಕ್ಕದ ಎಲೆ ಸರಿಸಿದೆ, ಅಲ್ಲೂ ಒಂದು ಫಲಕ. ಅದರಾಚೆಗೂ... ನಾನು ಅತ್ತೆಯನ್ನು ಕೂರಿಸಿ ಊಟ ಬಡಿಸಿದ್ದು ಶ್ಮಶಾನದಲ್ಲಿ. ಹಸುಗೂಸುಗಳ ಮೇಲೆ.

ಡಬ್ಬಿ, ಜಮಖಾನ ಬಾಚಿಕೊಂಡು ತಲೆ ತಗ್ಗಿಸಿ ಹೊರಗೆ ಬಂದೆವು. ಕಾರಿನ ಎದುರಿನ ಮನೆಯಂಗಳದಲ್ಲಿ ವಯಸ್ಸಾದ ಕಪ್ಪು ಹೆಂಗಸೊಬ್ಬಳು ಎಲೆ ಗುಡಿಸುತ್ತಿದ್ದಳು. ಬೈಯುತ್ತಾಳೇನೋ ಎಂದು ನಾನೇ ಮೊದಲು "ಸಾರಿ, ನಮಗೆ ಗೊತ್ತಿರಲಿಲ್ಲ" ಎಂದೆ.

ಆಕೆ ಮೆಲ್ಲಗೆ ನಕ್ಕಳು. ಇಂಗ್ಲಿಷಿನಲ್ಲಿ ಹೇಳಿದಳು: "ಸಾರಿ ಯಾಕೆ, ಡಿಯರ್? ನಿನ್ನ ಬೇಬಿ ಹತ್ರ ಊಟ ಮಾಡಿದ್ರೆ ತಪ್ಪೇನು? ಹೋದ ಚಳಿಗಾಲದಲ್ಲಿ ಆ ಹಿಮದಲ್ಲಿ, ಇದೇ ಥರ ಸೀರೇಲಿ ನೀನು ಒಬ್ಬಳೇ ಕೂತಿರ್ತಿದ್ದೆ. ನಾನು ಕಿಟಕಿಯಿಂದ ನೋಡ್ತಿದ್ದೆ. ಇವತ್ತು ಅಮ್ಮನ್ನ ಕರ್ಕೊಂಡು ಬಂದ್ಯಲ್ಲ, ಒಳ್ಳೇದಾಯ್ತು."

ನಾನು ಆವರೆಗೆ ಹಿಮವನ್ನೇ ಕಂಡಿರಲಿಲ್ಲ!

"ಅದು ನಾನಲ್ಲ" ಎಂದೆ. ಆಕೆ ಪಾಪ ಎನ್ನುವಂತೆ ನೋಡಿ ತಲೆಯಾಡಿಸಿದಳು. ಅತ್ತೆಗೆ ಇಂಗ್ಲಿಷ್ ಬಾರದು. ಆದರೆ ‘ಬೇಬಿ’ ಎಂಬ ಮಾತು ಅರ್ಥವಾಗಿತ್ತು. ನನ್ನ ತೋಳಿನ ಮೇಲಿದ್ದ ಅವರ ಹಿಡಿತ ಬಿಗಿಯಾಯಿತು.

ಮನೆಗೆ ಬಂದು ಇಬ್ಬರೂ ತಲೆಸ್ನಾನ ಮಾಡಿದೆವು. ರಾತ್ರಿ ಗಂಡ ಬರುವ ಮುಂಚೆ ಅತ್ತೆ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಪಿಸುಮಾತಿನಲ್ಲಿ ಹೇಳಿದರು: "ಮದುವೆಗೆ ಮುಂಚಿನದ್ದೋ ಏನೋ, ನಾನು ಕೇಳಲ್ಲ. ಅವನಿಗೂ ಹೇಳಲ್ಲ. ನನ್ನ ಹೊಟ್ಟೇಲೇ ಇರತ್ತೆ."

"ದೇವರಾಣೆ ಅತ್ತೆ, ಅಂಥಾದ್ದು ಏನೂ ಇಲ್ಲ. ನಾನು ಈ ದೇಶಕ್ಕೆ ಬಂದಿದ್ದೇ ಮೊನ್ನೆ ಮೊನ್ನೆ. ನೀವೇ ಯೋಚನೆ ಮಾಡಿ!"

"ಆಯ್ತಮ್ಮ, ಆಯ್ತು. ಮಲಗು" ಎಂದು ಹಣೆ ಸವರಿದರು.

ಬೈದಿದ್ದರೆ ಜಗಳವಾಡಬಹುದಿತ್ತು. ಅವರು ಕ್ಷಮಿಸಿಬಿಟ್ಟರು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಊರಿಗೆ ಹೊರಡುವವರೆಗೂ ಅವರ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ.

ಎರಡು ವರ್ಷದ ಮೇಲೆ ದೊಡ್ಡ ಮಗಳು ಹುಟ್ಟಿದಳು. ಮೈಸೂರಿಗೆ ಟ್ರಂಕ್ ಕಾಲ್ ಮಾಡಿದೆವು. ಗಂಡನ ಕೈಯಿಂದ ಫೋನ್ ನನ್ನ ಕೈಗೆ ಬಂದಾಗ ಅತ್ತೆ ದನಿ ತಗ್ಗಿಸಿದರು.

"ಇದನ್ನಾದ್ರೂ ಜೋಪಾನ ಮಾಡ್ಕೊಳಮ್ಮ."

ಅತ್ತೆ ಈಗಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡೇ ಹೋದರು. ಅಲ್ಲಿ ಅವರ ಪಕ್ಕ ಕೂತು, ನನ್ನ ದನಿಯಲ್ಲಿ, ನಮ್ಮ ಕನ್ನಡದಲ್ಲಿ ಮಾತಾಡಿದವಳು ಯಾರು ಎಂದು ನನಗೆ ಇಂದಿಗೂ ತಿಳಿಯದು. ಮತ್ತೆ ಆ ಬೀದಿಗೆ ನಾನು ಹೋಗಿಲ್ಲ.

ನಾವೀಗ ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿದ್ದೇವೆ. ಹಬ್ಬದೂಟದಲ್ಲಿ ಹೊಸಬರು ಯಾರಾದರೂ "ನಿಮಗೆ ಎಷ್ಟು ಮಕ್ಕಳು ಆಂಟಿ?" ಎಂದು ಕೇಳುತ್ತಾರೆ. "ಇಬ್ಬರು ಹೆಣ್ಣುಮಕ್ಕಳು" ಎನ್ನುತ್ತೇನೆ. ಅದು ಸತ್ಯ. ಆದರೂ ಹೇಳಿದ ಮರುಕ್ಷಣ, ಯಾರದೋ ಎದುರಿಗೆ ಸುಳ್ಳಾಡಿ ಸಿಕ್ಕಿಬಿದ್ದವಳಂತೆ, ಮುಖವೆಲ್ಲ ಬಿಸಿಯಾಗುತ್ತದೆ...