ಸುಮಿಕೋ ಆಂಟಿಯ ಫೋಟೋದ ಕೆಳಗೆ ನಾನು ಬರೆದದ್ದು

ಆಗೆಲ್ಲ ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ನಮ್ಮ ಕನ್ನಡದ ಮನೆಗಳಲ್ಲಿ ಶಾಲೆಯ ಪ್ರಾಜೆಕ್ಟ್ ಎಂದರೆ ಮಕ್ಕಳ ಕೆಲಸವಾಗಿರಲಿಲ್ಲ. ಮಕ್ಕಳ ಹೆಸರಿನಲ್ಲಿ ಅಪ್ಪಂದಿರು ಆಡುತ್ತಿದ್ದ ಆಟ ಅದು. ಹಗಲೆಲ್ಲ ಆಫೀಸಿನಲ್ಲಿ ತಲೆಯಾಡಿಸಿ ಬಂದವರು ಸಂಜೆ ಅಂಟು, ಕತ್ತರಿ, ಥರ್ಮೋಕೋಲ್ ಹಿಡಿದು ಗ್ಯಾರೇಜಿಗೆ ಇಳಿದರೆ ಬೇರೆಯೇ ಮನುಷ್ಯರು. ಒಬ್ಬ ಅಂಕಲ್ ಮಗನ ಜ್ವಾಲಾಮುಖಿಗೆಂದು ಹೊಗೆ ಬಿಡುವ ಯಂತ್ರವನ್ನೇ ಬಾಡಿಗೆಗೆ ತಂದಿದ್ದರು. ಮಗ ಒಳಗೆ ಆರಾಮಾಗಿ ಟಿವಿ ನೋಡುತ್ತಿದ್ದ. ಇದನ್ನೆಲ್ಲ ಸವಿನೆನಪು ಎಂದು ಹೇಳಿಕೊಳ್ಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಹೇಳಿಕೊಳ್ಳಲಿ.

ಆಕ್ಲೆಂಡಿನಲ್ಲಿ ರಗ್ಬಿ ವಿಶ್ವಕಪ್ ನಡೆದ ಮರುವರ್ಷದ, ಅಂದರೆ 2012ರ ಮಾತು. ನನಗೆ ಹನ್ನೊಂದು. ಫೀಜೋವಾ ಹಣ್ಣು ಉದುರುವ ಮೇ ತಿಂಗಳು, ಇಲ್ಲಿ ಚಳಿ ಇನ್ನೇನು ಶುರುವಾಗಬೇಕು. ಬೀದಿಯವರೆಲ್ಲ ಹಣ್ಣನ್ನು ಚೀಲಕ್ಕೆ ತುಂಬಿ, 'ಫ್ರೀ' ಎಂದು ಬರೆದು ಗೇಟಿನ ಹೊರಗಿಡುತ್ತಿದ್ದರು. ಅಮ್ಮ ಅದಕ್ಕೆ ಹುಣಸೆ, ಬೆಲ್ಲ, ಎಳ್ಳುಪುಡಿ ಹಾಕಿ ಗೊಜ್ಜು ಕುದಿಸುತ್ತಿದ್ದಳು. ಒಗ್ಗರಣೆಯ ಇಂಗು, ಹಣ್ಣಿನ ಘಮ ಎರಡೂ ಸೇರಿ ಮನೆಯ ಪರದೆಗೆಲ್ಲ ಹತ್ತಿಕೊಳ್ಳುತ್ತಿತ್ತು. ಗೊಜ್ಜಿಗೆ ಪಕ್ಕದ ಮನೆಯ ಸುಮಿಕೋ ಆಂಟಿಯ ಮರದ ಹಣ್ಣೇ ಆಗಬೇಕು. ಅದರಲ್ಲಿ ಒಂದು ಬಾಟಲಿ ಅವರಿಗೆ, ಕೊಟ್ಟು ಬರುವವಳು ನಾನು.

ಎಪ್ಪತ್ತೈದು ದಾಟಿದವರನ್ನು ಆಂಟಿ ಎನ್ನುತ್ತಿದ್ದೆವು, ಇಲ್ಲಿ ಎಲ್ಲರೂ ಆಂಟಿಯರೇ. ಅವರು ಜಪಾನಿನವರು, ಹಡಗಿನಲ್ಲಿ ಕೆಲಸಕ್ಕಿದ್ದ ಇಲ್ಲಿಯವನೊಬ್ಬನನ್ನು ಮದುವೆಯಾಗಿ ಬಂದವರು. ಗಂಡ ತೀರಿಹೋಗಿದ್ದ. ನಾನು ಡ್ರೈವ್‌ವೇಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದರೆ ಅವರು ಬಂದು ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ಕೋಲನ್ನು ಬೇಲಿಗೊರಗಿಸಿ ಮೂರು ಮನೆ ಕುಂಟಿಯೇಬಿಟ್ಟರು. ಅಮ್ಮ ಕಿಟಕಿಯಿಂದ "ಅಯ್ಯೋ, ಬಿದ್ದುಬಿಟ್ಟೀರಾ ಆಂಟಿ!" ಎಂದು ಕನ್ನಡದಲ್ಲೇ ಕೂಗಿದಳು. ನನ್ನನ್ನು ಈ ಊರಿನಲ್ಲಿ ಹೋಮ್‌ವರ್ಕ್ ಬಗ್ಗೆ ಕೇಳದ ಒಬ್ಬರೇ ಒಬ್ಬ ದೊಡ್ಡವರು ಅವರು.

ಆ ಟರ್ಮಿನಲ್ಲಿ ಶಾಲೆಯಲ್ಲಿ 'ಒಳ್ಳೆಯ ಪ್ರಜೆ' ಎಂಬ ಪ್ರದರ್ಶನ. ಚೀಟಿ ಎತ್ತಿದಾಗ ನನಗೆ ಬಂದ ವಿಷಯ ಇದು: ಮಹಾಯುದ್ಧ ಮುಗಿದ ಮೇಲೆ ಗೆದ್ದವರ ಸೈನ್ಯ ಸೋತ ದೇಶಗಳಲ್ಲಿ ಬೀಡುಬಿಟ್ಟು, ಪೋಸ್ಟರು, ಪ್ರದರ್ಶನಗಳಿಂದ ಅಲ್ಲಿಯ ಜನಕ್ಕೆ ಪ್ರಜಾಪ್ರಭುತ್ವ ಕಲಿಸಿದ ಕಥೆ. ಮತ ಹಾಕುವುದು ಹೇಗೆ, ಸಭೆ ನಡೆಸುವುದು ಹೇಗೆ, ಹೆಂಡತಿಯನ್ನು ಮಾತಾಡಿಸುವುದು ಹೇಗೆ. ಊರು ಸುಟ್ಟವರೇ ಬಂದು ಬೂದಿಯ ಮೇಲೆ ಬೋರ್ಡು ನೆಟ್ಟು ಸಭ್ಯತೆಯ ಪಾಠ ಹೇಳುವುದು ಶಾಲೆಯಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಂತಿರಲಿಲ್ಲ. ನನಗೂ ಕಾಣಲಿಲ್ಲ.

ಅಪ್ಪ ಮಾತ್ರ ಕುಣಿದಾಡಿಬಿಟ್ಟ. ಮೈಸೂರಿನಲ್ಲಿ ಹೈಸ್ಕೂಲಿನ ವಿಜ್ಞಾನ ಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂದ ನೋವು ಅವನಿಗೆ ಇನ್ನೂ ಆರಿರಲಿಲ್ಲ. "ಪುಟ್ಟೀ, ಜಪಾನು! ಪಕ್ಕದ ಮನೇಲೇ ಜಪಾನು ಇದೆ! ಹೋಗಿ ಆಂಟಿ ಇಂಟರ್‌ವ್ಯೂ ಮಾಡು. ಫೋಟೋ ತಗೊ. ಫಸ್ಟ್ ಪ್ರೈಜ್ ನಮ್ದೇ."

ನೋಟ್‌ಬುಕ್ ಹಿಡಿದು ಹೋದೆ. ಸುಮಿಕೋ ಆಂಟಿಯ ಅಡುಗೆಮನೆಯಲ್ಲಿ ಹುರಿದ ಚಹಾ ಎಲೆಯ ವಾಸನೆ. ಅವರು ಹಣ್ಣನ್ನು ಅರ್ಧ ಮಾಡಿ ಚಮಚ ಚುಚ್ಚಿ ಕೊಟ್ಟು, ತಾವೂ ಒಂದು ಹಿಡಿದು ಕೂತು ಹೇಳಿದರು. ಮಾತಾಡಿದ್ದು ಇಂಗ್ಲಿಷಿನಲ್ಲಿ, ನಿಧಾನವಾಗಿ.

"ಆಗ ನಿನ್ನಷ್ಟೇ ಇದ್ದೆ. ಮಿಲಿಟರಿ ಲಾರಿಯಲ್ಲಿ ಬೋರ್ಡುಗಳು ನಮ್ಮ ಶಾಲೆಗೆ ಬಂದವು. ಊರವರೆಲ್ಲ ಸಾಲಾಗಿ ನೋಡಬೇಕು. ಒಂದರಲ್ಲಿ ಒಂದು ಕುಟುಂಬ ಮೇಜಿನ ಸುತ್ತ ಕೂತು ಚರ್ಚೆ ಮಾಡ್ತಿತ್ತು. ಚರ್ಚೆ ಯಾರಿಗೆ ಬೇಕು? ನಾವೆಲ್ಲ ಮೇಜಿನ ಮೇಲಿದ್ದ ಬ್ರೆಡ್ಡು ನೋಡ್ತಾ ನಿಂತ್ವಿ."

ಆಮೇಲೆ ಅವರ ಅಮ್ಮನ ವಿಷಯ ಹೇಳಿದರು. ಯುದ್ಧದಲ್ಲಿ ಗಂಡ ಸತ್ತವಳು. ಫೋಟೋದವನು ಅವಳ ಕೈಗೆ ಮತಚೀಟಿ ಕೊಟ್ಟು ನಗು ಎಂದನಂತೆ, ಹಾಲಿನಪುಡಿಯ ಡಬ್ಬಿ ಕೊಡುತ್ತಾರೆಂದು ಅವಳು ನಕ್ಕಳಂತೆ. ಮುಂದಿನ ಪ್ರದರ್ಶನದಲ್ಲಿ ಅವಳದೇ ಫೋಟೋ. ಕೆಳಗೆ, 'ಈಗ ನನಗೆ ಹೊಸ ಬದುಕು ಸಿಕ್ಕಿದೆ' ಎಂದು ಅವಳೇ ಹೇಳಿದ ಹಾಗೆ ಬರೆದಿತ್ತು.

"ನಿಮ್ಮಮ್ಮ ಏನಂದ್ರು?"

"ಮನೆಗೆ ಬಂದು ಡಬ್ಬಿ ತೆಗೆದು ನಮಗೆ ಹಾಲು ಕಲಸಿಕೊಟ್ಟಳು. ತಾನು ಕುಡೀಲಿಲ್ಲ." ಚಮಚ ಕೆಳಗಿಟ್ಟರು. "ನಮ್ಮ ಸೈನ್ಯವೂ ಬೇರೆಯವರ ದೇಶಗಳಲ್ಲಿ ಹೀಗೇ ಪೋಸ್ಟರ್ ಅಂಟಿಸಿತ್ತು ಅಂತ ಆಮೇಲೆ ತಿಳೀತು. ಅದನ್ನೂ ಬರ್ಕೋ." ಬರೆದುಕೊಂಡೆ.

ರಾತ್ರಿ ಊಟಕ್ಕೆ ಮೊದಲೇ ಅಪ್ಪ ನೋಟ್‌ಬುಕ್ ಓದಿ ಮುಖ ಹುಳ್ಳಗೆ ಮಾಡಿಕೊಂಡ. "ಏನಿದು, ಬರೀ ಬ್ರೆಡ್ಡು, ಹಾಲಿನಪುಡಿ! ಇದನ್ನ ಹಾಕಿದ್ರೆ ಯಾರು ಪ್ರೈಜ್ ಕೊಡ್ತಾರೆ? ಸ್ವಲ್ಪ ಪಾಸಿಟಿವ್ ಆಗಿರ್ಬೇಕು."

ಅಮ್ಮ ಒಲೆಯ ಮುಂದಿನಿಂದಲೇ ಅಂದಳು, "ಅವ್ರು ಹೇಳಿದ್ದೇ ಅದಲ್ವೇನ್ರೀ? ಇನ್ನೇನು ಬರೀತೀರ?"

"ನಿಂಗೊತ್ತಾಗಲ್ಲ ಸುಮ್ನಿರು," ಎಂದ ಅಪ್ಪ ಲ್ಯಾಪ್‌ಟಾಪ್ ಮುಂದೆ ಕೂತು ಒದ್ದಾಡಿದ. ಪೂರ್ತಿ ಸುಳ್ಳು ಬರೆಯಲು ಅವನಿಗೂ ಕೈ ಬರಲಿಲ್ಲವೆಂದು ಕಾಣುತ್ತದೆ. ನನಗೆ ಬಂತು. ಅಂಥ ಬೋರ್ಡಿನ ಭಾಷೆ ನನಗೆ ಶಾಲೆಯಲ್ಲಿ ಚೆನ್ನಾಗಿ ಅಭ್ಯಾಸವಾಗಿತ್ತು. "ಅಪ್ಪಾ, ಹೀಗೆ ಹಾಕು," ಎಂದು ಒಂದೇ ಉಸಿರಿಗೆ ಹೇಳಿದೆ: 'ಆ ಪ್ರದರ್ಶನ ನನ್ನ ಕಣ್ಣು ತೆರೆಸಿತು. ಪ್ರಜಾಪ್ರಭುತ್ವ ಕಲಿಸಿದವರಿಗೆ ನಾನು ಸದಾ ಋಣಿ. ಸುಮಿಕೋ, ಮೌಂಟ್ ರಾಸ್ಕಿಲ್.' ಅಪ್ಪ ನನ್ನ ತಲೆ ಸವರಿ, "ನನ್ನ ಮಗಳು!" ಎಂದ. ಅಮ್ಮ ಒಲೆ ಆರಿಸಿ ರೂಮಿಗೆ ಹೋದಳು.

ಮೊದಲ ಬಹುಮಾನವೇ ಬಂತು. ಮೂವರು ತೀರ್ಪುಗಾರರ ಮುಂದೆ ಕೈಕಟ್ಟಿ ನಿಂತು ಆ ಮಾತನ್ನು ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿಸಿದ್ದೆ. ನನ್ನ ಕಾಲು ನೆಲದ ಮೇಲಿರಲಿಲ್ಲ. ಬೋರ್ಡು ಎರಡು ವಾರ ಊರಿನ ಲೈಬ್ರರಿಯ ಬಾಗಿಲಲ್ಲಿ ನಿಂತಿತು. ನಮ್ಮವರೆಲ್ಲ ಸಂಸಾರಸಮೇತ ಬಂದು ಅದರ ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡು, "ಸೂಪರ್ ಕಣೇ ಪುಟ್ಟಿ" ಎಂದು ಹಾಗೇ ಪಕ್ಕದ ಬಡಾವಣೆ ಸ್ಯಾಂಡ್ರಿಂಗಮ್‌ಗೆ ದೋಸೆ ತಿನ್ನಲು ಹೋದರು. ಒಬ್ಬನೂ ಎರಡು ಸಾಲು ಓದಲಿಲ್ಲ. ಪೌರಪ್ರಜ್ಞೆ ಹುಟ್ಟಿಸುವ ಬೋರ್ಡುಗಳ ಹಣೆಬರಹವೇ ಅಷ್ಟು, ನಿಲ್ಲಿಸಿದವರು ಬೀಗುತ್ತಾರೆ, ನೋಡಬೇಕಾದವರು ಊಟದ ಯೋಚನೆಯಲ್ಲಿರುತ್ತಾರೆ.

ಪೂರ್ತಿ ಓದಿದವರು ನನಗೆ ಗೊತ್ತಿದ್ದ ಹಾಗೆ ಒಬ್ಬರೇ. ಶನಿವಾರ ನಾನೇ ಕೈಹಿಡಿದು ಕರೆದುಕೊಂಡು ಹೋಗಿದ್ದೆ, ಮೆಚ್ಚುತ್ತಾರೆಂದು! ಸುಮಿಕೋ ಆಂಟಿ ಕನ್ನಡಕ ಹಾಕಿಕೊಂಡು ಬೋರ್ಡಿನ ಮೊದಲ ಸಾಲಿನಿಂದ ಶುರುಮಾಡಿ ತಮ್ಮ ಫೋಟೋಗೆ ಬಂದರು. ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು. ಕನ್ನಡಕ ಮಡಿಸಿ ಚೀಲಕ್ಕೆ ಹಾಕಿ, "ಫೋಟೋ ಚೆನ್ನಾಗಿ ಬಂದಿದೆ," ಎಂದರು. ಅಷ್ಟೇ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದರು, ನನ್ನ ಕೈಯಿಂದ ಅವರ ಕೈ ಯಾವಾಗ ಬಿಟ್ಟುಹೋಗಿತ್ತೋ ಗೊತ್ತಾಗಲಿಲ್ಲ.

ಅವರ ಅಮ್ಮನಿಗೆ ಮಿಲಿಟರಿಯವರು ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದೆ. ಮಿಲಿಟರಿಯವರಾದರೂ ಹಾಲಿನಪುಡಿ ಕೊಟ್ಟಿದ್ದರು.

ಮುಂದಿನ ವಾರ ಗೊಜ್ಜು ತೆಗೆದುಕೊಂಡು ಹೋದೆ. ಬಾಗಿಲಲ್ಲೇ ಎರಡೂ ಕೈಯಿಂದ ಬಾಟಲಿ ತೆಗೆದುಕೊಂಡು, ತಲೆಬಾಗಿ, ಥ್ಯಾಂಕ್ಯೂ ಹೇಳಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಅತ್ತು ಕ್ಷಮೆ ಕೇಳಿಬಿಡುತ್ತಿದ್ದೆ. ಹಣ್ಣು ಕೊಡುವುದನ್ನು ಅವರು ನಿಲ್ಲಿಸಲಿಲ್ಲ, ಗೇಟಿನ ಹೊರಗೆ ಎಲ್ಲರಿಗೂ ಇಟ್ಟ ಚೀಲದಲ್ಲಿ ನಮಗೂ ಇರುತ್ತಿತ್ತು. ನನ್ನ ಕುಂಟೆಬಿಲ್ಲೆ ನೋಡಲು ಮಾತ್ರ ಮತ್ತೆ ಬರಲಿಲ್ಲ. ಅಪ್ಪ, "ವಯಸ್ಸಾಯ್ತು, ಪಾಪ," ಎಂದ. ಅಮ್ಮ ನನ್ನ ಮುಖ ನೋಡಿದಳು. ಆ ಸರ್ಟಿಫಿಕೇಟ್ ಹಿಡಿದ ಹುಡುಗಿಯ ಫೋಟೋ ಅಪ್ಪನ ಮನೆಯಲ್ಲಿ ಈಗಲೂ ಇದೆ. ನೋಡಿದಾಗಲೆಲ್ಲ ಅವಳ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸುತ್ತದೆ.

ಎರಡು ವರ್ಷದ ಮೇಲೆ ಸುಮಿಕೋ ಆಂಟಿಯನ್ನು ಅವರ ಮಗಳು ತನ್ನ ಊರಾದ ನೆಲ್ಸನ್‌ಗೆ ಕರೆದುಕೊಂಡು ಹೋದಳು. ತೀರಿಕೊಂಡ ಸುದ್ದಿ ನಮಗೆ ತಲುಪುವಾಗ ವರ್ಷವೇ ಆಗಿತ್ತು. ಅವರ ಮನೆ, ಮರ ಎರಡನ್ನೂ ಕೆಡವಿ ನಾಲ್ಕು ಟೌನ್‌ಹೌಸ್ ಎಬ್ಬಿಸಿದ್ದಾರೆ. ಈಗ ಫೀಜೋವಾ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ, ಅಮ್ಮ ಗೊಜ್ಜು ಮಾಡುವುದನ್ನು ಬಿಟ್ಟಿದ್ದಾಳೆ.

ನೋಟ್‌ಬುಕ್ಕನ್ನು ಬಹುಮಾನ ಬಂದ ವಾರವೇ ರೀಸೈಕ್ಲಿಂಗ್ ಡಬ್ಬಿಗೆ ಹಾಕಿದ್ದೆ. ಕೆಲಸ ಮುಗಿದಿತ್ತಲ್ಲ. ಇದನ್ನು ಬರೆಯಲು ಕೂತಾಗ ಆ ಅಡುಗೆಮನೆಯಲ್ಲಿ ಅವರು ಹೇಳಿದ್ದನ್ನೆಲ್ಲ ನೆನಪಿಸಿಕೊಳ್ಳಲು ನಾಲ್ಕು ದಿನ ಹೆಣಗಿದೆ. ಒಂದು ಗಂಟೆಯ ಮಾತಿನಲ್ಲಿ ಸಿಕ್ಕಿದ್ದು ಮೇಲೆ ಬರೆದ ಇಷ್ಟೇ, ಅದರಲ್ಲೂ ಎಷ್ಟು ಅವರದು, ಎಷ್ಟು ನಾನು ಮತ್ತೆ ಅವರ ಬಾಯಿಗೆ ತುರುಕಿದ್ದು ಎಂದು ಆಣೆ ಮಾಡಿ ಹೇಳಲಾರೆ. ತೀರ್ಪುಗಾರರ ಮುಂದೆ ಒಪ್ಪಿಸಿದ ಆ ಸುಳ್ಳು ಮಾತ್ರ ಇವತ್ತಿಗೂ ಒಂದಕ್ಷರ ತಪ್ಪದೆ ಬಾಯಿಗೆ ಬರುತ್ತದೆ, ಅವರ ಹೆಸರಿನ ಸಮೇತ.